ದೆಹಲಿ ಚಳಿ, ಲಾಡ್ಜಿನ ರೂಮು ಮತ್ತು ಜಾತಿಯ ರಿಯಾಯಿತಿ



ಮೊನ್ನೆ ರಾತ್ರಿ ಹತ್ತು ಗಂಟೆ ಮೇಲೆ ಒಂದು ಫೋನ್ ಬಂತು. ನಮ್ಮ ಸಂಘಟನೆಯ ಹುಡುಗಿ. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಕ್ಲರ್ಕ್ ಆಗಿ ಸೇರಿ ಇನ್ನೂ ಒಂದೂವರೆ ವರ್ಷ. "ಅಣ್ಣ, ಡೆಲ್ಲಿಗೆ ಹಾಕಿದಾರೆ. ಎರಡು ತಿಂಗಳು. ಡಿಸೆಂಬರ್, ಜನವರಿ. ಎಲ್ಲಿ ಉಳ್ಕೊಳ್ಳೋದು ಅಂತ ಗೊತ್ತಾಗ್ತಿಲ್ಲ. ಆಫೀಸಲ್ಲಿ ಕೇಳಿದ್ರೆ ನೀವೇ ನೋಡ್ಕೊಳ್ಳಿ ಅಂತಾರೆ. ನೀವು ಹೋಗಿ ಬಂದಿದೀರಲ್ಲ, ಹೇಳಿ" ಅಂದಳು.

ಹೌದು, ನಾನು ಹೋಗಿ ಬಂದಿದೀನಿ. 2022ರ ಡಿಸೆಂಬರ್ ಕೊನೆಯಿಂದ ಎರಡು ತಿಂಗಳು ದೆಹಲಿಯ ಲಾಡ್ಜಲ್ಲಿ ಇದ್ದೆ. ಆ ಎರಡು ತಿಂಗಳ ಬಗ್ಗೆ ಇಲ್ಲೀವರೆಗೂ ಎಲ್ಲೂ ಬರೆದಿರಲಿಲ್ಲ. ಬರೆಯೋವಂಥದ್ದು ಏನಿದೆ, ಸರ್ಕಾರಿ ನೌಕರ, ಸಂಬಳ ಬರುತ್ತೆ, ಭತ್ಯೆ ಬರುತ್ತೆ, ಚಳಿ ಆಯ್ತು ಅಂತ ಅಳೋದಾ ಅಂತ ಸುಮ್ಮನಿದ್ದೆ. ಆದ್ರೆ ಆ ಹುಡುಗಿಗೆ ಉತ್ತರ ಹೇಳೋಕೆ ಹೋದಾಗ ಬಾಯಿ ಕಟ್ಟಿದ ಹಾಗಾಯ್ತು. ಅದಕ್ಕೇ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಇದೆ, ಓದಿ.

ಮೊದಲು ಲೆಕ್ಕ ಹೇಳ್ತೀನಿ. ಏಳನೇ ವೇತನ ಆಯೋಗ ಆದ ಮೇಲೆ 2017ರಲ್ಲಿ ಕೇಂದ್ರ ಸರ್ಕಾರ ಪ್ರಯಾಣ ಭತ್ಯೆಯ ಆದೇಶ ಹೊರಡಿಸಿತು. ಅದರಲ್ಲಿ ಲೆವೆಲ್ 5 ಮತ್ತು ಅದಕ್ಕಿಂತ ಕೆಳಗಿನ ನೌಕರರಿಗೆ, ಅಂದ್ರೆ ನಮ್ಮಂಥ ಗುಮಾಸ್ತರಿಗೆ, ಹೋಟೆಲ್ ರೂಮಿಗೆ ದಿನಕ್ಕೆ ಹೆಚ್ಚೆಂದರೆ 450 ರೂಪಾಯಿ. ಊಟಕ್ಕೆ 500. ಲೆವೆಲ್ 12 ಮತ್ತು 13ರ ಅಧಿಕಾರಿಗಳಿಗೆ ರೂಮಿಗೆ 4,500. ಲೆವೆಲ್ 14ರ ಮೇಲಿನವರಿಗೆ 7,500. ತುಟ್ಟಿಭತ್ಯೆ 50 ಪರ್ಸೆಂಟ್ ಏರಿದಾಗ ಈ ಮೊತ್ತವೂ 25 ಪರ್ಸೆಂಟ್ ಏರಬೇಕು ಅಂತ ಅದರಲ್ಲೇ ಇದೆ. ಏರಿದ್ರೂ ನಮ್ಮದು 562 ರೂಪಾಯಿ 50 ಪೈಸೆ.

ಒಂದೇ ಕೆಲಸ, ಒಂದೇ ಊರು, ಒಂದೇ ಚಳಿ. ಅಧಿಕಾರಿಯ ರೂಮು ನಮ್ಮ ರೂಮಿನ ಹತ್ತು ಪಟ್ಟು. ದೊಡ್ಡವರಿಗೆ ದೊಡ್ಡ ರೂಮು ಸಿಗಲಿ, ನನ್ನ ತಕರಾರಿಲ್ಲ. ನಾನು ಕೇಳೋದು ಇಷ್ಟೇ: ಜನವರಿ ತಿಂಗಳ ದೆಹಲಿಯಲ್ಲಿ 450 ರೂಪಾಯಿಗೆ ಬಾಗಿಲು ಸರಿಯಾಗಿ ಹಾಕೋಕಾಗೋ, ಬಿಸಿನೀರು ಬರೋ ಒಂದು ರೂಮು ತೋರಿಸಿ. ಆದೇಶಕ್ಕೆ ಸಹಿ ಹಾಕಿದವರು ಒಂದೇ ಒಂದು ರಾತ್ರಿ ಅಲ್ಲಿ ಮಲಗಲಿ.

ನಾನು ಹೋದ ದಿನ ರೈಲು ಬೆಳಗ್ಗೆ ತಲುಪಬೇಕಿತ್ತು. ಮಂಜಿಗೆ ಸಿಕ್ಕಿ ಸಂಜೆ ಆಯ್ತು. ಜೊತೆಗೆ ನಮ್ಮ ಸೆಕ್ಷನ್ನಿನ ಇನ್ನೊಬ್ಬ ಗುಮಾಸ್ತರು ಇದ್ರು. ನನಗಿಂತ ಐದಾರು ವರ್ಷ ದೊಡ್ಡವರು. ಒಳ್ಳೆ ಮನುಷ್ಯ. ರೈಲಲ್ಲಿ ಎರಡು ದಿನ ನಾನು ತಂದ ರೊಟ್ಟಿ ಅವರು ತಿಂದಿದಾರೆ, ಅವರ ಪುಳಿಯೋಗರೆ ನಾನು ತಿಂದಿದೀನಿ. "ನೀವೇನೂ ಯೋಚನೆ ಮಾಡ್ಬೇಡಿ, ನಮ್ಮವರ ಧರ್ಮಶಾಲೆ ಇದೆ. ದಿನಕ್ಕೆ 250, ಊಟನೂ ಅಲ್ಲೇ. ನಾನು ಮಾತಾಡಿದೀನಿ, ಇಬ್ಬರೂ ಅಲ್ಲೇ ಇರೋಣ" ಅಂದಿದ್ರು. ಅವರು ಅದನ್ನ ಮನಸ್ಸಿಂದಲೇ ಹೇಳಿದ್ರು. ಅದರಲ್ಲಿ ನನಗೆ ಅನುಮಾನ ಇಲ್ಲ.

ರಾತ್ರಿ ಎಂಟೂವರೆಗೆ ಆ ಧರ್ಮಶಾಲೆಗೆ ಹೋದ್ವಿ. ಮ್ಯಾನೇಜರ್ ರಿಜಿಸ್ಟರ್ ತೆಗೆದ. ಅವರ ಹೆಸರು ಬರೆದುಕೊಂಡ. ನನ್ನ ಆಧಾರ್ ನೋಡಿದ. ನಮ್ಮ ಕಡೆ ಹೆಸರಿನ ಹಿಂದೆ ಇನಿಶಿಯಲ್ ಇರುತ್ತೆ, ಸರ್‌ನೇಮ್ ಇರಲ್ಲ. ಉತ್ತರದವರಿಗೆ ಅದರಿಂದ ಜಾತಿ ಹೊಳೆಯಲ್ಲ. ತಲೆ ಎತ್ತಿ ಕೇಳಿದ: "ಸಮಾಜ್ ಕೌನ್ ಸಾ?"

ನಾನು ನನ್ನ ಜೊತೆಗಾರರ ಮುಖ ನೋಡಿದೆ. ಅವರು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಿದ್ರು.

ಹೇಳಿದೆ. ಎಸ್ಸಿ ಅಂತಲೇ ಹೇಳಿದೆ. ಮ್ಯಾನೇಜರ್ ಜಗಳ ಆಡಲಿಲ್ಲ, ಬೈಯಲಿಲ್ಲ. ರಿಜಿಸ್ಟರಿನ ಪುಟ ಎರಡು ಸಲ ತಿರುವಿ, ರೂಮ್ ಒಂದೇ ಖಾಲಿ ಇರೋದು, ಅದೂ ಸಮಾಜದವರಿಗೆ ಮಾತ್ರ, ನಮ್ಮ ನಿಯಮ ಅಂದ. ಜೊತೆಗಾರರು ಹೊರಗೆ ಬಾಗಿಲವರೆಗೆ ಬಂದು "ತಪ್ಪು ತಿಳ್ಕೋಬೇಡಿ, ನನಗೆ ಗೊತ್ತಿರಲಿಲ್ಲ" ಅಂದ್ರು. ಸರಿ ಸರ್ ಅಂದೆ. ಎರಡು ಬ್ಯಾಗ್ ಹಿಡ್ಕೊಂಡು ಆಟೋ ಹತ್ತಿದೆ. ಬಾಯಿ ತೆರೆದ್ರೆ ಹೊಗೆ ಬರೋ ಚಳಿ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಊರಲ್ಲಿ ಯಾರಿಗಾದ್ರೂ ಹೋಟೆಲಲ್ಲಿ ಬೇರೆ ಲೋಟ ಇಟ್ಟಿದಾರೆ ಅಂದ್ರೆ ಠಾಣೆಗೆ ಹೋಗಿ ಕೂರೋನು ನಾನು. ಕಟಿಂಗ್ ಶಾಪಲ್ಲಿ ಕಟಿಂಗ್ ಮಾಡಲ್ಲ ಅಂದ್ರೆ ತಹಸೀಲ್ದಾರರಿಗೆ ಅರ್ಜಿ ಬರೆಯೋನು ನಾನು. ಅರ್ಜಿ ಬರೆದೂ ಬರೆದೂ ಸಂವಿಧಾನದ 15(2)ನೇ ವಿಧಿ ನನಗೆ ಬಾಯಿಪಾಠ ಆಗಿದೆ. ಅಂಗಡಿ, ಹೋಟೆಲು, ಸಾರ್ವಜನಿಕ ಜಾಗಕ್ಕೆ ಜಾತಿ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆ ಅಂತ ಹೆಸರು ಹಿಡಿದೇ ಹೇಳುತ್ತೆ. ಇಷ್ಟೆಲ್ಲಾ ಗೊತ್ತಿದ್ದೂ ಆ ರಾತ್ರಿ ನಾನು ಏನೂ ಮಾಡಲಿಲ್ಲ. ಗೊತ್ತಿಲ್ಲದ ಊರು, ಬಾರದ ಹಿಂದಿ, ಹೊತ್ತು ಮೀರಿದೆ, ಬೆಳಗ್ಗೆ ಒಂಬತ್ತಕ್ಕೆ ರಿಪೋರ್ಟ್ ಮಾಡ್ಕೋಬೇಕು. ಮೊದಲು ಮಲಗೋಕೆ ಜಾಗ ಬೇಕಿತ್ತು. ಕೇಸ್ ಹಾಕಿಲ್ಲ ಯಾಕೆ ಅಂತ ಸಂತ್ರಸ್ತರನ್ನ ಬೈಯೋ ನಮ್ಮ ಸಂಗಾತಿಗಳಿಗೆ ಇದನ್ನ ಹೇಳ್ತಿದೀನಿ. ನಾನೂ ಹಾಗೆ ಬೈದಿದೀನಿ. ಇನ್ನು ಮೇಲೆ ಬೈಯಲ್ಲ.

ಆಟೋದಲ್ಲಿ ಕೂತಾಗ ನೆನಪಾಗಿದ್ದು ಬಾಬಾಸಾಹೇಬರು. 1917ರಲ್ಲಿ ಅವರು ಬರೋಡಾಕ್ಕೆ ಹೋಗಿದ್ದೂ ಕೆಲಸಕ್ಕೇ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು, ಸಂಸ್ಥಾನದ ನೌಕರಿ. ಉಳಿಯೋಕೆ ಜಾಗ ಇಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಹಳೇ ಸಾಮಾನು ತುಂಬಿದ ಮಹಡಿಯಲ್ಲಿ ಒಬ್ಬರೇ ಇದ್ರು. ಕರೆಂಟ್ ದೀಪ ಇಲ್ಲ. ಹನ್ನೊಂದನೇ ದಿನ ದೊಣ್ಣೆ ಹಿಡಿದು ಪಾರ್ಸಿಗಳು ಬಂದ್ರು. ಹಿಂದೂ ಗೆಳೆಯನೂ ಮನೆಗೆ ಕರೆಯಲಿಲ್ಲ, ಕ್ರೈಸ್ತ ಗೆಳೆಯನೂ ಕರೆಯಲಿಲ್ಲ. ರಾತ್ರಿ ರೈಲಿನ ಹೊತ್ತಾಗೋವರೆಗೆ ಕಮಾಠಿ ಬಾಗ್ ಉದ್ಯಾನದಲ್ಲಿ ಕೂತಿದ್ರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನ ಬರೆದಿದಾರೆ. ನಾವೆಲ್ಲಾ ಭಾಷಣದಲ್ಲಿ ಸಾವಿರ ಸಲ ಹೇಳಿದೀವಿ.

ನನ್ನದನ್ನ ಅದಕ್ಕೆ ಹೋಲಿಸೋದು ತಪ್ಪು. ನನ್ನ ಮೇಲೆ ಯಾರೂ ದೊಣ್ಣೆ ಎತ್ತಲಿಲ್ಲ. ನಾನು ಸುಳ್ಳು ಹೆಸರು ಹೇಳಬೇಕಾಗಲಿಲ್ಲ. ಹಿಂದಿನ ಸೀಟಲ್ಲಿ ಕೂತು ಆಟೋದವನಿಗೆ "ಲಾಡ್ಜ್, ಸಸ್ತಾ" ಅಂದ್ರೆ ಅವನು ಕರ್ಕೊಂಡು ಹೋದ. ಆ ವ್ಯತ್ಯಾಸ ಬಂದಿದ್ದು ಬಾಬಾಸಾಹೇಬರಿಂದ, ಸಂವಿಧಾನದಿಂದ. ಅದನ್ನ ಮರೀಬಾರದು. ಆದ್ರೆ ನೂರು ವರ್ಷ ದಾಟಿದ ಮೇಲೂ ಕೌಂಟರಿನ ಆ ಪ್ರಶ್ನೆ ಬದುಕಿದೆ. ಅದನ್ನೂ ಮರೀಬಾರದು.

ಕರೋಲ್ ಬಾಗ್ ಕಡೆ ಒಂದು ಲಾಡ್ಜು ಸಿಕ್ತು. ಅಲ್ಲಿ ಜಾತಿ ಕೇಳಲಿಲ್ಲ. ಆಧಾರ್ ಜೆರಾಕ್ಸ್, ಅಡ್ವಾನ್ಸು, ಮುಗೀತು. ದಿನಕ್ಕೆ 900 ಅಂದಿದ್ದು ತಿಂಗಳ ಲೆಕ್ಕ ಮಾತಾಡಿದ್ದಕ್ಕೆ 22,000ಕ್ಕೆ ಬಂತು. ಸರ್ಕಾರ ಕೊಡೋದು 450ರಂತೆ 13,500. ಉಳಿದ 8,500 ಊಟದ ದುಡ್ಡಿಂದ ಹೋಗಬೇಕು. ಊಟಕ್ಕೆ ಬರೋದು 15,000, ಅದರಲ್ಲಿ ಉಳಿಯೋದು 6,500. ದಿನಕ್ಕೆ 216 ರೂಪಾಯಿ. ಮೂರು ಹೊತ್ತಿನ ಊಟ, ಟೀ ಎಲ್ಲಾ ಅದರಲ್ಲೇ. ಇದರ ಮೇಲೆ ರೂಮ್ ಹೀಟರ್ ಬೇಕಂದ್ರೆ ದಿನಕ್ಕೆ 150. ಬೇಡ ಅಂದೆ.

ಗೀಸರ್ ಸ್ವಿಚ್ಚು ಹೊರಗಡೆ, ಬೆಳಗ್ಗೆ ಆರರಿಂದ ಎಂಟು. ಕಿಟಕಿ ಇಲ್ಲ. ಸೂರ್ಯನೇ ಕಾಣದ ದಿನಗಳು, ಒಗೆದ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ, ರಜಾಯಿ ಯಾವಾಗಲೂ ತೇವ. ನಮ್ಮ ಕೊಳ್ಳೇಗಾಲದ ಕಡೆ ಬೆಳಗಿನ ಜಾವ ಸ್ವಲ್ಪ ಥಂಡಿ ಆದ್ರೇ ಸೌದೆ ಉರಿ ಮುಂದೆ ಕೂರೋ ಜನ ನಾವು. ಅಲ್ಲಿ 2023ರ ಜನವರಿ 16ರ ಬೆಳಗ್ಗೆ ಸಫ್ದರ್‌ಜಂಗ್‌ನಲ್ಲಿ 1.4 ಡಿಗ್ರಿ. ಎರಡು ಸ್ವೆಟರ್, ಮೇಲೆ ಮಂಕಿ ಕ್ಯಾಪ್ ಹಾಕ್ಕೊಂಡು ಮಲಗಿದ್ರೂ ಕಾಲು ಬೆಚ್ಚಗಾಗಲ್ಲ. ಬೆಂಕಿ ಬಿದ್ರೆ ಇಳಿಯೋಕೆ ಒಂದೇ ಮೆಟ್ಟಿಲು. 2019ರ ಫೆಬ್ರವರಿಯಲ್ಲಿ ಅದೇ ಕರೋಲ್ ಬಾಗ್‌ನ ಒಂದು ಹೋಟೆಲಿಗೆ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ಸತ್ತಿದ್ರು. ಅದು ಗೊತ್ತಿತ್ತು. ಅದಕ್ಕೇ ರಾತ್ರಿ ಪ್ಯಾಂಟ್ ಹಾಕ್ಕೊಂಡೇ, ಪಾಕೀಟು ಜೇಬಲ್ಲಿಟ್ಟುಕೊಂಡೇ ಮಲಗ್ತಿದ್ದೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ.

ನನ್ನ ಜೊತೆಗಾರರಿಗೆ ತಿಂಗಳಿಗೆ 7,500ರಲ್ಲಿ ರೂಮು, ಬಿಸಿ ಊಟ, ಹಾಲಲ್ಲಿ ಹೀಟರ್, ಕನ್ನಡ ಅಲ್ಲದಿದ್ರೂ "ನಮ್ಮವರು" ಅನ್ನೋ ಜನ. ನನಗೆ ತಿಂಗಳಿಗೆ 22,000. ಇಬ್ಬರದೂ ಒಂದೇ ಹುದ್ದೆ, ಒಂದೇ ಭತ್ಯೆ. ವ್ಯತ್ಯಾಸ ತಿಂಗಳಿಗೆ 14,500, ಎರಡು ತಿಂಗಳಿಗೆ 29,000 ರೂಪಾಯಿ. ಇದನ್ನ ನಾನು ಜಾತಿಯ ರಿಯಾಯಿತಿ ಅಂತೀನಿ. ಇದು ಯಾವ ಗೆಜೆಟ್ಟಲ್ಲೂ ಬರಲ್ಲ. ಇದಕ್ಕೆ ಕೆನೆಪದರ ಇಲ್ಲ. ಇದನ್ನ ಎಷ್ಟು ವರ್ಷ ಕೊಡ್ತೀರಿ ಅಂತ ಯಾರೂ ಕೇಳಲ್ಲ. ಕಚೇರಿಯ ಕ್ಯಾಂಟೀನಲ್ಲಿ ಮೀಸಲಾತಿ ಬಗ್ಗೆ ಮಾತು ಬಂದಾಗೆಲ್ಲಾ "ನಿಮಗೇನಪ್ಪಾ, ಎಲ್ಲಾ ಕನ್ಸೆಷನ್" ಅಂತಾರಲ್ಲ, ಅವರು ಈ ಕನ್ಸೆಷನ್ ಲೆಕ್ಕ ಹಾಕಿದ್ದೇ ಇಲ್ಲ.

ಜಾತಿ ಅಂದ್ರೆ ಬರೀ ಹಲ್ಲೆ, ಬಹಿಷ್ಕಾರ ಅಲ್ಲ. ಗೊತ್ತಿಲ್ಲದ ಊರಲ್ಲಿ ಕೆಲವರಿಗೆ ಮೊದಲೇ ಹಾಸಿಟ್ಟ ಹಾಸಿಗೆಯೂ ಜಾತಿನೇ. ಹಾಸ್ಟೆಲು, ಛತ್ರ, ಮಠ, ಧರ್ಮಶಾಲೆ, "ನಮ್ಮ ಕಡೆಯವರ" ಪೇಯಿಂಗ್ ಗೆಸ್ಟ್. ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಆಸ್ತಿ ಅದು. ನಮಗೆ ಊರು ಬಿಟ್ಟ ಮೇಲೆ ಮೊದಲು ಮಂಚ ಕೊಟ್ಟಿದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು. ಅದನ್ನ ಬಿಟ್ಟರೆ ನಾವು ಎಲ್ಲಾ ಕಡೆ ದುಡ್ಡು ಕೊಟ್ಟೇ ಮಲಗಬೇಕು, ಅದೂ ಪೂರ್ತಿ ರೇಟು.

ಹಾಗಾದ್ರೆ ಲಾಡ್ಜೇ ಒಳ್ಳೇದಲ್ವಾ, ಅಲ್ಲಿ ಜಾತಿ ಕೇಳಲ್ವಲ್ಲ, ಪೇಟೆಗೆ ಜಾತಿ ಇಲ್ಲ ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ, ಎರಡನೇ ವಾರದವರೆಗೆ.

ಆ ಲಾಡ್ಜಲ್ಲಿ ರೂಮ್ ತೊಳೆಯೋಕೆ ಒಬ್ಬ ಹುಡುಗ ಇದ್ದ. ಇಪ್ಪತ್ತು ವರ್ಷ ಇರಬಹುದು, ಉತ್ತರ ಪ್ರದೇಶದವನು. ನನ್ನ ಫೋನಿನ ಮೇಲಿದ್ದ ಬಾಬಾಸಾಹೇಬರ ಫೋಟೋ ನೋಡಿ ಒಂದಿನ ಬಕೆಟ್ ಕೆಳಗಿಟ್ಟು, ಆಕಡೆ ಈಕಡೆ ನೋಡಿ, ಮೆಲ್ಲಗೆ "ಜೈ ಭೀಮ್ ಭಯ್ಯಾ" ಅಂದ. ವಾಲ್ಮೀಕಿ ಸಮುದಾಯ. ಆ ಲಾಡ್ಜಲ್ಲಿ ಟೀ ತರೋನು ಬೇರೆ, ರೂಮ್ ಹುಡುಗ ಬೇರೆ, ಕಕ್ಕಸು ತೊಳೆಯೋನು ಬೇರೆ. ಕಕ್ಕಸು ತೊಳೆಯೋನು ಟೀ ತರಲ್ಲ. ನಾನೇ ಒಂದಿನ ಟೀ ತಾ ಅಂತ ದುಡ್ಡು ಕೊಟ್ಟಾಗ ಅವನು ಹಿಂದೆ ಸರಿದ. ಆಗ ಅರ್ಥ ಆಯ್ತು. ಕೌಂಟರಲ್ಲಿ ಜಾತಿ ಕೇಳಲ್ಲ ನಿಜ, ಯಾಕಂದ್ರೆ ಅವರಿಗೆ ಜಾತಿ ಬೇಕಾಗಿರೋದು ಗಿರಾಕಿದಲ್ಲ, ಕಸಬರಿಕೆ ಹಿಡಿಯೋನದು.

ಅವನು ಮಲಗ್ತಿದ್ದುದು ಮೆಟ್ಟಿಲ ಕೆಳಗೆ. ರಟ್ಟಿನ ಡಬ್ಬ ಬಿಚ್ಚಿ ಹಾಸಿ, ಇಬ್ಬರು ಹುಡುಗರಿಗೆ ಒಂದು ರಜಾಯಿ. ಬೀದಿ ಬಾಗಿಲು ತೆರೆದಾಗೆಲ್ಲಾ ಗಾಳಿ ಸೀದಾ ಅಲ್ಲಿಗೇ. ಖಾಲಿ ರೂಮುಗಳ ರಜಾಯಿಗಳು ಸ್ಟೋರಲ್ಲಿ ಬೀಗ ಹಾಕಿ ಇಟ್ಟಿದ್ರು. ಆ ಜನವರಿ ವಾರದಲ್ಲಿ ತಡೆಯೋಕಾಗದೆ ಮಾಲೀಕನ ಹತ್ತಿರ ಕೇಳಿದೆ, ಆ ಹುಡುಗರಿಗೆ ಒಂದು ರಜಾಯಿ ಕೊಡಬಾರದಾ ಅಂತ. ಅವನು ನಗ್ತಾ ಹೇಳಿದ್ದು: "ಉನಕೋ ಆದತ್ ಹೈ ಸಾಬ್." ಅವರಿಗೆ ಅಭ್ಯಾಸ ಇದೆ.

ಬಂಧುಗಳೇ, ಈ ದೇಶದಲ್ಲಿ ಜಾತಿ ವ್ಯವಸ್ಥೆಯನ್ನ ಒಂದೇ ವಾಕ್ಯದಲ್ಲಿ ಹೇಳಿ ಅಂದ್ರೆ ನಾನು ಇದನ್ನೇ ಹೇಳ್ತೀನಿ. ಅವರಿಗೆ ಅಭ್ಯಾಸ ಇದೆ. ಪೌರಕಾರ್ಮಿಕರಿಗೆ ಕೈಗೆ ಗ್ಲೌಸ್ ಯಾಕೆ, ಅಭ್ಯಾಸ ಇದೆ. ಕಲ್ಲು ಕ್ವಾರಿಯ ಕೂಲಿಯವರಿಗೆ ನೆರಳು ಯಾಕೆ, ಅಭ್ಯಾಸ ಇದೆ. ಮ್ಯಾನ್‌ಹೋಲಿಗೆ ಇಳಿಯೋನಿಗೆ ಮಾಸ್ಕ್ ಯಾಕೆ, ಅಭ್ಯಾಸ ಇದೆ. ನಮ್ಮ ಕೆಜಿಎಫ್‌ನಿಂದ ಹೊರಟ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ಇಷ್ಟು ವರ್ಷ ಹೋರಾಡ್ತಿರೋದು ಈ "ಅಭ್ಯಾಸ"ದ ವಿರುದ್ಧವೇ. ಚಳಿ ಯಾವ ಮೈಗೂ ಅಭ್ಯಾಸ ಆಗಲ್ಲ. ಸಹಿಸ್ಕೊಳ್ಳೋದು ಅಭ್ಯಾಸ ಆಗುತ್ತೆ, ಅದನ್ನ ನೋಡಿಯೂ ಸುಮ್ಮನಿರೋದು ಮಿಕ್ಕವರಿಗೆ ಅಭ್ಯಾಸ ಆಗುತ್ತೆ.

ನಾನೇನು ಮಾಡಿದೆ? ಫುಟ್‌ಪಾತಲ್ಲಿ 600 ರೂಪಾಯಿಗೆ ಒಂದು ರಜಾಯಿ ತಂದು ಕೊಟ್ಟೆ. ಅಷ್ಟೇ. ಅದು ದಾನ, ಹೋರಾಟ ಅಲ್ಲ. ಮುಂದಿನ ಚಳಿಗಾಲಕ್ಕೆ ಆ ಮೆಟ್ಟಿಲ ಕೆಳಗೆ ಇನ್ನೊಬ್ಬ ಹುಡುಗ ಬಂದಿರ್ತಾನೆ.

ಆ ಲಾಡ್ಜಿಂದ ಪೂಸಾ ರಸ್ತೆ ದೂರ ಇಲ್ಲ. 2009ರ ಡಿಸೆಂಬರಲ್ಲಿ ಅಲ್ಲಿನ ವೃತ್ತದಲ್ಲಿದ್ದ ನಿರ್ಗತಿಕರ ತಾತ್ಕಾಲಿಕ ಆಶ್ರಯವನ್ನ ಚಳಿಗಾಲದ ನಡುವೆಯೇ ಕಿತ್ತು ಹಾಕಿದ್ರು. ದೆಹಲಿ ಹೈಕೋರ್ಟ್ ತಾನಾಗೇ ಪ್ರಕರಣ ತಗೊಂಡಿತು. 2010ರ ಜನವರಿಯಿಂದ ಸುಪ್ರೀಂ ಕೋರ್ಟ್ ಕೂಡ ಆಹಾರದ ಹಕ್ಕಿನ ಪ್ರಕರಣದಲ್ಲೇ ಆಶ್ರಯದ ವಿಷಯ ಎತ್ತಿಕೊಂಡು ಆದೇಶ ಕೊಡ್ತಾ ಬಂತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಇಡೀ ದಿನ ತೆರೆದಿರೋ ಆಶ್ರಯ ಇರಬೇಕು ಅನ್ನೋ ಅಳತೆ ಬಂದಿದ್ದು ಹಾಗೆ. ಚಳಿಯಲ್ಲಿ ತಲೆ ಮೇಲೆ ಸೂರು ಅನ್ನೋದು ಬದುಕುವ ಹಕ್ಕಿಗೆ ಸೇರಿದ್ದು. ಅದಕ್ಕೆ ದಯೆಯ ಲೆಕ್ಕ ಹಾಕಬಾರದು. ಈ ಮಾತು ರಸ್ತೆ ಮೇಲೆ ಮಲಗೋನಿಗೆ ಅನ್ವಯ ಆಗೋದಾದ್ರೆ ಮೆಟ್ಟಿಲ ಕೆಳಗೆ ಮಲಗೋ ಕೆಲಸಗಾರನಿಗೆ ಯಾಕಿಲ್ಲ?

ಒಂದು ಭಾನುವಾರ ಮೆಟ್ರೋ ಹತ್ತಿ ಸಿವಿಲ್ ಲೈನ್ಸಲ್ಲಿ ಇಳಿದು 26, ಅಲಿಪುರ್ ರಸ್ತೆಗೆ ಹೋಗಿದ್ದೆ. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿದ ಜಾಗ. ಈಗ ಅಲ್ಲಿ ಪುಸ್ತಕದ ಆಕಾರದ ರಾಷ್ಟ್ರೀಯ ಸ್ಮಾರಕ ಇದೆ, 2018ರಲ್ಲಿ ಉದ್ಘಾಟನೆ ಆಗಿದ್ದು. ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಮೇಲೆ ಅವರು ಬಂದು ಇದ್ದದ್ದು ಅಲ್ಲಿ. ಸ್ವಂತ ಮನೆ ಅಲ್ಲ ಅದು, ಸಿರೋಹಿಯ ರಾಜಮನೆತನದ ಮನೆ. ಸಂವಿಧಾನ ಕೊಟ್ಟವರು ಕೂಡ ರಾಜಧಾನಿಯಲ್ಲಿ ಕೊನೆಯುಸಿರು ಎಳೆದಿದ್ದು ಬೇರೆಯವರ ಮನೆಯಲ್ಲಿ. ಅಲ್ಲಿ ಕೂತು ಯೋಚನೆ ಮಾಡಿದ್ದನ್ನೇ ಈಗ ನಿಮ್ಮ ಮುಂದೆ ಇಡ್ತೀನಿ.

ಒಂದು. ಊರು ಬಿಟ್ಟು ಕೆಲಸಕ್ಕೆ ಕಳಿಸೋ ಇಲಾಖೆ ಮಲಗೋ ಜಾಗವನ್ನೂ ಕೊಡಬೇಕು. ಸರ್ಕಾರದ ಅತಿಥಿಗೃಹಗಳಲ್ಲಿ ಹುದ್ದೆ ನೋಡಿ ರೂಮ್ ಕೊಡೋದು ನಿಲ್ಲಲಿ, ಅಗತ್ಯ ನೋಡಿ ಕೊಡಲಿ. ಮೊದಲ ಹಕ್ಕು ಕೆಳಗಿನ ನೌಕರರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಆಗದಿದ್ರೆ ಆ ಊರಿನ ನಿಜವಾದ ಬಾಡಿಗೆ ಕೊಡಲಿ.

ಎರಡು. ನಮ್ಮ ತಂಡದಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗನೊಬ್ಬ ಇದ್ದ. ಅವನಿಗೆ 450 ಕೂಡ ಇಲ್ಲ. ಗುತ್ತಿಗೆದಾರ ರೈಲು ಟಿಕೆಟ್ ಕೊಟ್ಟು ಕೈ ತೊಳೆದುಕೊಂಡಿದ್ದ. ಮೂರು ವಾರ ನನ್ನ ರೂಮಲ್ಲೇ ನೆಲದ ಮೇಲೆ ಮಲಗಿದ. ಹೊರಗುತ್ತಿಗೆಯಲ್ಲಿ ಮೀಸಲಾತಿ ಕೇಳೋ ನಾವು ಅವರ ಪ್ರಯಾಣ ಭತ್ಯೆಯನ್ನೂ ಕೇಳಬೇಕು.

ಮೂರು. ಸಮಾಜದ ಹೆಸರಲ್ಲಿ ನಡೆಯೋ ಧರ್ಮಶಾಲೆಗಳಲ್ಲಿ ಎಷ್ಟಕ್ಕೆ ಸರ್ಕಾರದ ಜಾಗ, ಅನುದಾನ, ತೆರಿಗೆ ರಿಯಾಯಿತಿ ಸಿಕ್ಕಿದೆ ಅಂತ ಆರ್‌ಟಿಐ ಹಾಕೋಣ. ನಮ್ಮ ದುಡ್ಡು, ನಮ್ಮ ನಿಯಮ ಅಂತ ಅವರು ಕೋರ್ಟಲ್ಲಿ ವಾದ ಮಾಡಬಹುದು. ಮಾಡಲಿ. ಸಾರ್ವಜನಿಕರ ದುಡ್ಡು ತಗೊಂಡ ಕೌಂಟರಲ್ಲಿ "ಸಮಾಜ್ ಕೌನ್ ಸಾ" ಅಂತ ಕೇಳೋ ಹಾಗಿಲ್ಲ.

ನಾಲ್ಕು. ಇದು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು, ಬೇಜಾರಾದ್ರೆ ಆಗಲಿ. ನಮ್ಮ ಎಸ್ಸಿ/ಎಸ್ಟಿ ನೌಕರರ ಸಂಘಗಳು ಪ್ರತಿ ವರ್ಷ ಡೈರಿ ಮಾಡಿಸ್ತವೆ, ಕ್ಯಾಲೆಂಡರ್ ಮಾಡಿಸ್ತವೆ, ಮಂತ್ರಿಗಳಿಗೆ ಶಾಲು ಹೊದಿಸ್ತವೆ. ಏಪ್ರಿಲಲ್ಲಿ ಫ್ಲೆಕ್ಸಿಗೆ ಹೋಗೋ ದುಡ್ಡು ನಿಮಗೇ ಗೊತ್ತು. ದೆಹಲಿ ಬಿಡಿ, ಬೆಂಗಳೂರಲ್ಲಾದ್ರೂ ಇಂಟರ್‌ವ್ಯೂಗೆ ಬಂದ ನಮ್ಮ ಮಗುವಿಗೆ ಒಂದು ರಾತ್ರಿ ಮಲಗೋಕೆ ನಾಲ್ಕು ಮಂಚ ಇದೆಯಾ ನಮ್ಮ ಹತ್ರ? ಮಂತ್ರಿಗೆ ಹೊದಿಸೋ ಶಾಲಿನ ದುಡ್ಡಲ್ಲಿ ಒಂದು ರಜಾಯಿ ಬರುತ್ತೆ. ಬಾಡಿಗೆ ಮನೆ ಆದ್ರೂ ಸಾಕು, ನಾಲ್ಕು ಮಂಚದಿಂದ ಶುರು ಮಾಡೋಣ. ಆದ್ರೆ ಅದು ಇನ್ನೊಂದು ಜಾತಿ ಛತ್ರ ಆಗಬಾರದು. ಯಾರೇ ಬಂದ್ರೂ ಜಾತಿ ಕೇಳಬಾರದು. ನನ್ನ ಆ ಜೊತೆಗಾರರು ಬಂದ್ರೂ ರೂಮ್ ಕೊಡಬೇಕು. ಮಾರನೇ ದಿನ ಆಫೀಸಿಗೆ ನನಗೋಸ್ಕರ ಒಂದು ಕಂಬಳಿ ತಂದು ಕೊಟ್ಟವರು ಅವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕ್ಯಾಲೆಂಡರ್ ನೋಡಿದ ಆ ಒಂದು ನಿಮಿಷದ ಮೇಲೆ ಇದೆ. ಇನ್ನೊಂದು ನಿಯಮ: ಅಲ್ಲಿ ಕಸ ಗುಡಿಸೋರಿಗೂ ಒಂದು ಮಂಚ, ಒಂದು ಬಾಗಿಲು ಇರಬೇಕು.

ಆ ಹುಡುಗಿಗೆ ಏನು ಹೇಳಿದೆ ಅಂತೀರಾ? ಉಲ್ಲನ್ ಸಾಕ್ಸು ನಾಲ್ಕು ಜೊತೆ ತಗೋ, ಬೆಂಗಳೂರಲ್ಲಿ ಸಿಗೋ ತೆಳು ಸ್ವೆಟರ್ ನಂಬಬೇಡ, ಅಲ್ಲೇ ತಗೋ. ಕಿಟಕಿ ಇರೋ ರೂಮೇ ಕೇಳು, ಇನ್ನೊಂದು ಮೆಟ್ಟಿಲು ಇದೆಯಾ ನೋಡು. ಮುಚ್ಚಿದ ರೂಮಲ್ಲಿ ಇದ್ದಿಲು ಒಲೆ ಇಟ್ಟು ಮಲಗಬೇಡ, ಆ ಹೊಗೆ ಗೊತ್ತಾಗದ ಹಾಗೆ ಕೊಲ್ಲುತ್ತೆ. ಬಿಲ್ಲು ಎಲ್ಲಾ ಎತ್ತಿಡು. ಇಷ್ಟು ಹೇಳಿದೆ. "ಸರಿ ಅಣ್ಣ, ಆದ್ರೆ ಎಲ್ಲಿ ಉಳ್ಕೊಳ್ಳಿ?" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಕಣಮ್ಮ ಅಂದೆ.

ದೆಹಲಿಯಲ್ಲಿರೋ ಸಂಗಾತಿಗಳೇ, ಮನೇಲಿ ಒಂದು ರೂಮು ಬಾಡಿಗೆಗೆ ಕೊಡೋಕಾಗೋರು, ಒಳ್ಳೆ ವರ್ಕಿಂಗ್ ವಿಮೆನ್ಸ್ ಹಾಸ್ಟೆಲ್ ಗೊತ್ತಿರೋರು ಇನ್‌ಬಾಕ್ಸಿಗೆ ಬನ್ನಿ. ಬಾಡಿಗೆ ಕೊಡ್ತಾಳೆ, ಪುಕ್ಕಟೆ ಬೇಡ. ಬೆಂಗಳೂರಿನ ನೌಕರ ಬಂಧುಗಳೇ, ನಾಲ್ಕು ಮಂಚದ ಮಾತಿಗೆ ಒಪ್ಪೋರು ಕಾಮೆಂಟಲ್ಲಿ ಹೆಸರು ಬರೀರಿ. ಮುಂದಿನ ಭಾನುವಾರ ಕೂತು ಮಾತಾಡೋಣ. ನನ್ನದು ತಿಂಗಳಿಗೆ 1,000 ರೂಪಾಯಿ, ಇವತ್ತಿಂದಲೇ ಲೆಕ್ಕಕ್ಕೆ ಇಟ್ಕೊಳ್ಳಿ.

ಜೈ ಭೀಮ್.